ಕ್ರೌರ್ಯವನ್ನು ಹೇಳುವ ಪದಗಳು



ಶತಮಾನೋತ್ಸವದ ಈ ಮಂಗಲ ಸಭೆಯಲ್ಲಿ ಕ್ರೌರ್ಯದ ಮಾತೇಕೆ ಎಂದು ತಮಗೆ ಅನ್ನಿಸಬಹುದು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಗೆಳೆಯರೊಡನೆ ಉರ್ದು ಆಡುವವರು. ಮೂರೂ ನುಡಿಗಳ ಬೈಗುಳಗಳು ಅವರ ನಾಲಗೆಯ ಮೇಲಿರುತ್ತವೆ. ಅರ್ಥ ಮಾತ್ರ ಇರುವುದಿಲ್ಲ. ಅದನ್ನು ತಿಳಿಸುವುದು ಭಾಷಾ ಶಿಕ್ಷಕರ ಹೊಣೆ.

‘ಕ್ರೂರ’ ಎಂಬ ಸಂಸ್ಕೃತ ಪದ ಮೊದಲಲ್ಲಿ ಹಸಿಮಾಂಸ, ರಕ್ತ ಸುರಿಯುವ ಗಾಯ ಎಂಬ ಅರ್ಥಗಳಿಗೆ ಹತ್ತಿರವಾದದ್ದು. ಸುರಿದ ನೆತ್ತರನ್ನು ಹೇಳುವ ಲ್ಯಾಟಿನ್ನಿನ ‘ಕ್ರುಓರ್’ ಅದರ ದಾಯಾದಿ. ಇಂಗ್ಲಿಷಿನ ‘ಕ್ರುಯೆಲ್’ ಕೂಡ ಅದೇ ಕುಲದ್ದು. ಇದಕ್ಕಿಂತ ತೀವ್ರವಾದದ್ದು ‘ನೃಶಂಸ’: ನರರನ್ನು ಹಿಂಸಿಸುವವನು. ಇದರ ವಿರುದ್ಧಪದ ‘ಆನೃಶಂಸ್ಯ’. ಯಕ್ಷಪ್ರಶ್ನೆಯ ಪ್ರಸಂಗದಲ್ಲಿ ಧರ್ಮರಾಯನು ಇದನ್ನೇ ಹಿರಿಯ ಧರ್ಮವೆಂದು ನಂಬಿ, ಭೀಮಾರ್ಜುನರನ್ನು ಬಿಟ್ಟು ಮಾದ್ರಿಯ ಮಗ ನಕುಲನ ಪ್ರಾಣವನ್ನು ಬೇಡುತ್ತಾನೆ. ಇಬ್ಬರು ತಾಯಂದಿರಿಗೂ ಒಬ್ಬೊಬ್ಬ ಮಗ ಉಳಿಯಲೆಂಬುದು ಅವನ ಲೆಕ್ಕ.

ಅರಬ್ಬಿಯ ‘ಜುಲ್ಮ್’ ನಮ್ಮಲ್ಲಿ ‘ಜುಲುಮೆ’ಯಾಗಿ ಹಲ್ಲು ಕಿತ್ತ ಹಾವಿನಂತಾಗಿದೆ. ಇನ್ನೊಂದು ರೊಟ್ಟಿ ಬಡಿಸಲು ಬಂದವರಿಗೂ “ಜುಲುಮಿ ಮಾಡಬ್ಯಾಡ್ರಿ” ಎನ್ನುತ್ತೇವೆ!

‘ರಜಾಕಾರ’ ಪದ ನಡೆದದ್ದು ಇದಕ್ಕೆ ತಿರುಗಾದ ದಾರಿಯಲ್ಲಿ. ಅದರ ಮೂಲಾರ್ಥ ಸ್ವಇಚ್ಛೆಯಿಂದ ದುಡಿಯುವವನು, ಸ್ವಯಂಸೇವಕ. ನಿಜಾಮರ ರಾಜ್ಯದಲ್ಲಿ ಕಾಸಿಂ ರಜ್ವಿಯ ದಳ ಆ ಹೆಸರು ಧರಿಸಿ ಹಳ್ಳಿಗಳನ್ನು ಸುಲಿಯಿತು. 1948ರ ಮೇ ತಿಂಗಳಲ್ಲಿ ಬೀದರ ಸೀಮೆಯ ಗೋರ್ಟಾದಲ್ಲಿ ಕಗ್ಗೊಲೆಗಳಾದವು. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಆರಂಭವಾಗಿ 17ರಂದು ನಿಜಾಮರು ಶರಣಾದರು. ದಳ ಹೋಯಿತು, ಪದ ಉಳಿಯಿತು.

ಕೆಲವು ವರ್ಷಗಳ ಹಿಂದೆ ಆಟದ ಬಯಲಿನ ಜಗಳದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ತನ್ನ ಸಹಪಾಠಿಯನ್ನು, ಅವನ ಮತವೊಂದನ್ನೇ ಕಂಡು, ‘ರಜಾಕಾರ’ ಎಂದು ಕರೆದ. ತೆಲುಗಿನವರ ‘ಕಿರಾತಕ’ದಲ್ಲಿ ಕಾಡಿನಲ್ಲಿ ಬಾಳಿದ ಒಂದು ಜನದ ಹೆಸರಿದೆ, ನಮ್ಮ ‘ಕಟುಕ’ದಲ್ಲಿ ಒಂದು ಕಸುಬಿನ ಹೆಸರಿದೆ. ಕೃತ್ಯವನ್ನು ನಿಂದಿಸಲು ಹೊರಟ ಮಾತು ಕುಲವನ್ನು ನಿಂದಿಸಿ ಬರುವುದು ಹೀಗೆ. ಬೆತ್ತ ಹಿಡಿಯುವ ಗೋಜಿಗೆ ನಾನು ಹೋಗಲಿಲ್ಲ. ಮರುದಿನ ತರಗತಿಗೆ ಶೋಯಬುಲ್ಲಾ ಖಾನ್ ಅವರ ಕಥೆ ಹೇಳಿದೆ. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಈ ಯುವ ಸಂಪಾದಕರು ಹೈದರಾಬಾದು ಭಾರತವನ್ನು ಸೇರಲಿ ಎಂದು ಬರೆದವರು; 1948ರ ಆಗಸ್ಟ್‌ನಲ್ಲಿ ರಜಾಕಾರರ ಕೈಯಲ್ಲೇ ಹತರಾದರು. ಕಾರ್ಯಾಚರಣೆಯ ಬಳಿಕ ಸಾವಿರಾರು ಮುಸಲ್ಮಾನರ ಹತ್ಯೆಯಾಯಿತೆಂದು ಪಂಡಿತ ಸುಂದರಲಾಲರ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಿತೆಂಬುದನ್ನೂ ಹೇಳಿದೆ. ಆ ಕೊಲೆಗಾರರನ್ನು ಕರೆಯಲು ನಮ್ಮ ಆಡುಮಾತಿನಲ್ಲಿ ಅಂಥದೊಂದು ಪದ ಹುಟ್ಟಲಿಲ್ಲ. ಏಕೆ ಹುಟ್ಟಲಿಲ್ಲವೆಂದು ಮಕ್ಕಳನ್ನು ಕೇಳಿದಾಗ ತರಗತಿ ಬಹಳ ಹೊತ್ತು ಸುಮ್ಮನಿತ್ತು.

ಅಂದಿನಿಂದ ಪ್ರತಿ ಸೆಪ್ಟೆಂಬರಿನಲ್ಲಿ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ, ಯಾರು ಯಾರನ್ನು ಹೊಡೆದರು ಎಂಬುದರ ಜೊತೆಗೆ ಯಾರು ಯಾರನ್ನು ಅಡಗಿಸಿಟ್ಟು ಕಾಪಾಡಿದರು ಎಂಬುದನ್ನೂ ಬರೆದು ತರುತ್ತಾರೆ. ಆ ಕಾಲವನ್ನು ಕಂಡ ಹಿರಿಯರು ಈಗ ವಿರಳ. ತಮ್ಮ ಮನೆಗಳಲ್ಲಿ ಅಂಥವರಿದ್ದರೆ ಅವರ ಮಾತನ್ನು ಬರೆಸಿ ಶಾಲೆಗೆ ಕಳುಹಿಸಿಕೊಡಿ. ಗ್ರಂಥಾಲಯದಲ್ಲಿ ಜೋಪಾನವಾಗಿ ಇಡುತ್ತೇವೆ.