ಎಂಜಲಿನೊಳಗಣ ಕಾವಲು
(ಜೇಜುರಿಯಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಮ್ಮ ವಿಷಯ ಎಂಜಲು. ನಮ್ಮ ಮೈಲಾರಲಿಂಗನನ್ನು ಖಂಡೋಬನೆಂದು ಕರೆದು ಅರಿಶಿನ ತೂರುವ ಈ ಪುಣ್ಯಕ್ಷೇತ್ರದಲ್ಲಿ ಕುಳಿತು ಎಂಜಲಿನ ಮಾತೇಕೆ ಎಂದು ಕೆಲವರು ನಗಬಹುದು. ಕಾರಣವುಂಟು. ಪಾಳಿ ಮುಗಿಸಿ ವಾಚನಾಲಯಕ್ಕೆ ಬರುವ ಗೆಳೆಯರಲ್ಲಿ ಹಲವರು ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತದೆನ್ನುತ್ತಾರೆ; ಅದಕ್ಕಾಗಿ ಉಜ್ಜುವುದನ್ನೇ ಬಿಟ್ಟಿದ್ದಾರೆ. ಇನ್ನು ಕೆಲವರು ಈ ಕಡೆಯ ರೂಢಿಯಂತೆ ಹೊಗೆಸೊಪ್ಪನ್ನು ಹಂಚಿನ ಮೇಲೆ ಕಪ್ಪಾಗಿ ಹುರಿದು ಪುಡಿಮಾಡಿದ ಮಿಶ್ರಿಯನ್ನು ತಿಕ್ಕುತ್ತಾರೆ. ನಾವು ವೈದ್ಯರಲ್ಲ, ಮಿಲ್ಲಿನಲ್ಲಿ ಲೆಕ್ಕ ಬರೆಯುವವರು. ಓದಿ ತಿಳಿದುಕೊಂಡಷ್ಟನ್ನು ನಿಮ್ಮ ಮುಂದಿಡುತ್ತೇವೆ.

ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ನಮ್ಮ ಬಾಯಲ್ಲಿ ಊರುತ್ತದೆ. ನೂರಕ್ಕೆ 99 ಪಾಲು ಬರಿಯ ನೀರು. ಉಳಿದ ಒಂದು ಪಾಲಿನಲ್ಲಿಯೇ ಎಲ್ಲ ಸೊಗಸೂ ಇರುವುದು. ಅದರಲ್ಲಿ ಲೈಸೋಜೈಮ್ ಎಂಬುದೊಂದು ಪ್ರೋಟೀನು. ಕೆಲವು ಸೂಕ್ಷ್ಮಾಣುಗಳ ಹೊರಗೋಡೆಯನ್ನೇ ಒಡೆಯುತ್ತದೆ. ಇದನ್ನು 1922ರಲ್ಲಿ ಲೋಕಕ್ಕೆ ತಿಳಿಸಿದವರು ಅಲೆಕ್ಸಾಂಡರ್ ಫ್ಲೆಮಿಂಗ್, ಮುಂದೆ 1928ರಲ್ಲಿ ಪೆನಿಸಿಲಿನ್ ಕಂಡವರೇ. ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ಕಬ್ಬಿಣದ ಅಂಶವನ್ನು ಬಿಗಿಹಿಡಿದು ಸೂಕ್ಷ್ಮಾಣುಗಳಿಗೆ ಸಿಗದಂತೆ ಮಾಡುತ್ತದೆ. ರೇಷನ್ ಅಂಗಡಿಯ ಬಾಗಿಲು ಹಾಕಿದ ಹಾಗೆ!

ಇವರೆಲ್ಲರ ಮೇಲೆ ಪ್ರತಿಕಾಯಗಳು. ಜೊಲ್ಲಿನಲ್ಲಿ ಹೆಚ್ಚಾಗಿರುವುದು ‘ಎ’ ವರ್ಗದ್ದು. ಇದನ್ನು ರಕ್ತದಿಂದ ಸೋಸಿ ತಂದದ್ದಲ್ಲ. ಜೊಲ್ಲಿನ ಗ್ರಂಥಿಗಳಲ್ಲಿ ನೆಲೆಸಿರುವ ಜೀವಕೋಶಗಳೇ ಅಲ್ಲಿಯೇ ತಯಾರಿಸುತ್ತವೆ. ಎರಡೆರಡು ಅಣುಗಳು ಜೋಡಿಯಾಗಿ, ಮೇಲೊಂದು ರಕ್ಷಣೆಯ ತುಂಡು ತೊಟ್ಟು ಹೊರಬೀಳುತ್ತವೆ. ಸೂಕ್ಷ್ಮಾಣುಗಳಿಗೆ ಅಂಟಿ ಅವು ಹಲ್ಲಿಗೆ ಹತ್ತದಂತೆ ಗಂಟುಕಟ್ಟುತ್ತವೆ. ಗುಟುಕರಿಸಿದಾಗ ಗಂಟೆಲ್ಲ ಹೊಟ್ಟೆಗಿಳಿದು ಅಲ್ಲಿಯ ಆಮ್ಲಕ್ಕೆ ಆಹುತಿ. ಗದ್ದಲವಿಲ್ಲದ ಕೆಲಸ. ಹಲ್ಲು ಒಸಡು ಕೂಡುವ ಸಂದಿಯಲ್ಲಿ ಮಾತ್ರ ರಕ್ತದಿಂದ ಒಸರಿಬಂದ ‘ಜಿ’ ವರ್ಗದ ಪ್ರತಿಕಾಯಗಳೂ ಬಿಳಿಯ ರಕ್ತಕಣಗಳೂ ಪಹರೆ ಮಾಡುತ್ತವೆ.

ಇಷ್ಟು ಕಾವಲಿದ್ದೂ ಹಲ್ಲು ಕೆಡುವುದೇಕೆ? ಶತ್ರು ಕೋಟೆ ಕಟ್ಟಿಕೊಳ್ಳುತ್ತದೆ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನದೇ ಒಂದು ತೆಳುಪೊರೆ ಹಲ್ಲಿನ ಮೇಲೆ ಕೂರುತ್ತದೆ. ಅದರ ಮೇಲೆ ಸೂಕ್ಷ್ಮಾಣುಗಳು ಬೀಡುಬಿಟ್ಟು ತಮ್ಮದೇ ಅಂಟಿನಲ್ಲಿ ಪದರ ಪದರವಾಗಿ ಬೆಳೆಯುತ್ತವೆ. ಇದೇ ದಂತಪಾಚಿ. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನಿಂದ ಕೆರೆದ ಈ ಬಿಳಿಯ ಲೋಳೆಯಲ್ಲಿ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಆತನ ಕಸುಬು ಬಟ್ಟೆಯ ವ್ಯಾಪಾರ ಎಂಬುದು ಮಿಲ್ಲಿನವರಾದ ನಮಗೆ ಹೆಮ್ಮೆ. ಪಾಚಿ ದಪ್ಪವಾದಷ್ಟೂ ಪ್ರತಿಕಾಯಗಳು ಅದರ ಒಳಹೊಕ್ಕು ಕೆಲಸ ಮಾಡುವುದು ಕಷ್ಟ. ಜೊತೆಗೆ ಕೆಲವು ಸೂಕ್ಷ್ಮಾಣುಗಳು ‘ಎ’ ಪ್ರತಿಕಾಯವನ್ನು ಕತ್ತರಿಸುವ ಕಿಣ್ವವನ್ನೇ ಇಟ್ಟುಕೊಂಡಿವೆ. ಆಗ ಬಿಳಿಯ ಕಣಗಳು ಹಿಂಡುಗಟ್ಟಿ ಬರುತ್ತವೆ. ಅವು ಸುರಿಸುವ ರಸ ಶತ್ರುವಿನೊಡನೆ ನಮ್ಮ ಒಸಡನ್ನೂ ಕೊನೆಗೆ ಹಲ್ಲಿನ ಆಧಾರದ ಎಲುಬನ್ನೂ ಸವೆಸುತ್ತದೆ. ಒಸಡು ಕೆಂಪೇರಿ ರಕ್ತ ಬರುವುದು ಈ ಕಾಳಗದ ಗುರುತು. ಕುಂಚ ತಾಗಿದ್ದು ನೆಪ ಮಾತ್ರ.

ಡೆನ್ಮಾರ್ಕಿನ ಆರ್ಹುಸ್ ಪಟ್ಟಣದಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದರು. ಆರೋಗ್ಯವಾದ ಒಸಡಿನ 12 ಜನ, ಹೆಚ್ಚಿನವರು ದಂತವೈದ್ಯದ ವಿದ್ಯಾರ್ಥಿಗಳೇ, ಹಲ್ಲುಜ್ಜುವುದನ್ನು ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಅಷ್ಟೂ ಜನರ ಒಸಡು ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಗುಣವಾಯಿತು. ರಕ್ತಕ್ಕೆ ಹೆದರಿ ಕುಂಚ ಬಿಟ್ಟವರು ಇದನ್ನು ಗಮನಿಸಬೇಕು. ಮೆತ್ತನೆಯ ಕುಂಚದಿಂದ, ಒಸಡಿನ ಅಂಚಿನಲ್ಲಿಯೇ ಉಜ್ಜಬೇಕು. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರ ಬಳಿಗೆ ಹೋಗಲೇಬೇಕು.

ನಿದ್ದೆಯಲ್ಲಿ ಜೊಲ್ಲು ಊರುವುದು ಬಹಳ ಕಡಿಮೆಯಾಗುತ್ತದೆ, ಎಂದರೆ ಕಾವಲೂ ಸಡಿಲ. ಮಲಗುವ ಮುನ್ನ ಉಜ್ಜಿರೆನ್ನುವುದು ಇದಕ್ಕೇ. ರಾತ್ರಿ ಪಾಳಿಯವರಿಗೆ ಈ ‘ಮಲಗುವ ಮುನ್ನ’ ಬೆಳಗಿನ ಎಂಟು ಗಂಟೆಯಾದೀತು. ಗಡಿಯಾರವನ್ನಲ್ಲ, ನಿದ್ದೆಯನ್ನು ನೋಡಿಕೊಳ್ಳಿ.

ಹೊಗೆಸೊಪ್ಪಿನ ಮಾತು. ಹಲ್ಲುಪುಡಿಯಲ್ಲಿ ಹೊಗೆಸೊಪ್ಪು ಬೆರೆಸಿ ಮಾರುವುದನ್ನು ಭಾರತ ಸರಕಾರ 1992ರಲ್ಲಿಯೇ ನಿಷೇಧಿಸಿತು. ಮನೆಯ ಹಂಚಿನ ಮೇಲೆ ಹುರಿಯುವುದನ್ನು ಯಾವ ಕಾಯಿದೆ ತಡೆದೀತು? ಮಿಶ್ರಿ ತಿಕ್ಕಿದರೆ ಹಲ್ಲುನೋವು ಮರೆಯುತ್ತದೆನ್ನುವರು. ಮರೆಯುವುದೇನೋ ನಿಜವಿರಬಹುದು, ರೋಗ ಹೋಗುವುದಿಲ್ಲ. ಬಾಯಿಯ ಕ್ಯಾನ್ಸರಿಗೆ ಮಾತ್ರ ದಾರಿಯಾಗುತ್ತದೆ. ಬೀಡಿಯದು ಇನ್ನೂ ಮೋಸ: ಸೇದುವವರ ಒಸಡಿನಿಂದ ರಕ್ತ ಕಡಿಮೆ ಬರುತ್ತದೆ, ಆದ್ದರಿಂದ ಒಳಗೆ ಎಲುಬು ಸವೆಯುತ್ತಿದ್ದರೂ ಎಲ್ಲ ನೆಟ್ಟಗಿದೆ ಎನ್ನಿಸುತ್ತದೆ.

ಕೊನೆಗೆ ಹಲ್ಲಿನ ಗಾರೆ. ಹಳೆಯ ಪಾಚಿಗೆ ಜೊಲ್ಲಿನ ಸುಣ್ಣದಂಶ ಸೇರಿ ಕಲ್ಲಾಗುತ್ತದೆ. ಇದು ಕುಂಚಕ್ಕೆ ಜಗ್ಗುವುದಿಲ್ಲ. ಎಷ್ಟು ಗಟ್ಟಿಯೆಂದರೆ, ಜರ್ಮನಿಯ ಡಾಲ್‌ಹೈಮಿನ ಹಳೆಯ ಮಠದಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಹೂತವರ ಹಲ್ಲಿನ ಗಾರೆಯನ್ನು ವಿಜ್ಞಾನಿಗಳು ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದಾಗ, ಅದರೊಳಗೆ ಒಸಡುರೋಗದ ಸೂಕ್ಷ್ಮಾಣುಗಳ ಗುರುತೂ ಅವುಗಳೊಡನೆ ಕಾದಾಡಿದ ದೇಹದ ರಕ್ಷಕ ಪ್ರೋಟೀನುಗಳೂ ಒಟ್ಟಿಗೇ ಸಿಕ್ಕವು. ಗಾರೆ ತೆಗೆಸಿದರೆ ಹಲ್ಲು ಅಲುಗುತ್ತದೆಂಬ ಭಯ ನಮ್ಮವರಲ್ಲಿ ಬಹಳ. ಹಲ್ಲು ಸಡಿಲಾದದ್ದು ಎಲುಬು ಸವೆದುದರಿಂದ. ಗಾರೆಯೇ ಆತುಕೊಂಡಿದ್ದುದರಿಂದ ಅದು ತಿಳಿದಿರಲಿಲ್ಲ, ಅಷ್ಟೆ. ತೆಗೆಸಿದ ಮೇಲೆ ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದುಂಟು. ಅಷ್ಟು ದಿನ ಚಹವನ್ನು ಉಗುರುಬೆಚ್ಚಗೆ ಕುಡಿದರಾಯಿತು.