ಕೌದಿಯ ಹೊಟ್ಟೆ

(ಸಂಘದ ಮಹಿಳಾ ವಿಭಾಗದ ಆಶ್ರಯದಲ್ಲಿ ಚೆಂಬೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ಬಟ್ಟೆಯಿಂದ ಕೌದಿ ಹೊಲಿಯಲು ಆರಂಭಿಸುವುದು ಹೇಗೆ ಎಂಬುದನ್ನು ಹೇಳಲು ಒಬ್ಬ ಸರಕಾರಿ ಅಧಿಕಾರಿಯನ್ನು ಕರೆದಿರುವುದು ಕೆಲವರಿಗೆ ವಿನೋದವಾಗಿ ಕಂಡಿರಬಹುದು. ಆಮಂತ್ರಣ ಪತ್ರಿಕೆಯನ್ನು ನೋಡಿದ ನನ್ನ ಸಹೋದ್ಯೋಗಿಯೊಬ್ಬರು ಮುದ್ರಣದೋಷವೆಂದೇ ಭಾವಿಸಿದರು. ದೋಷವಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸುಮಾರು ಮೂರು ದಶಕಗಳಿಂದ ಜವಳಿಗೆ ಸಂಬಂಧಿಸಿದ ಕೇಂದ್ರ ಸರಕಾರದ ಕಡತಗಳನ್ನು ನೋಡುತ್ತ ಬಂದವನು ನಾನು. ಬಟ್ಟೆಯನ್ನು ಮೀಟರುಗಳಲ್ಲಿ, ಟನ್ನುಗಳಲ್ಲಿ ಬಲ್ಲೆ. ಬೆರಳಿನಿಂದ ಮುಟ್ಟಿ ಬಲ್ಲವನಾದದ್ದು ಐವತ್ತು ದಾಟಿದ ಮೇಲೆ. ಅದೂ ಅವ್ವ ತೀರಿಕೊಂಡ ನಂತರ.

ಒಂದು ಸಣ್ಣ ಸಂಗತಿಯಿಂದ ಆರಂಭಿಸುತ್ತೇನೆ. ನಾನು ನೌಕರಿಗೆ ಸೇರಿದ ಕಾಲದ ಅಬಕಾರಿ ಸುಂಕದ ಅಧಿಸೂಚನೆಗಳಲ್ಲಿ ಫೆಂಟ್ಸ್, ರ್‍ಯಾಗ್ಸ್, ಚಿಂದೀಸ್ ಎಂಬ ಮೂರು ಪದಗಳು ಜೊತೆಯಾಗಿ ಬರುತ್ತಿದ್ದವು. ಮೂರೂ ತುಂಡುಬಟ್ಟೆಯ ಬಗೆಗಳು. ಇಂಗ್ಲಿಷ್ ಕಾನೂನಿನ ಒಳಗೆ ನಮ್ಮ 'ಚಿಂದಿ' ಇಂಗ್ಲಿಷ್ ಬಹುವಚನವನ್ನು ತೊಟ್ಟು ಕುಳಿತಿರುವುದನ್ನು ಕಂಡು ಆಗ ನಕ್ಕಿದ್ದೆ. ಸರಕಾರವು ಚಿಂದಿಗೂ ಒಂದು ವರ್ಗವನ್ನು ಗೊತ್ತುಪಡಿಸಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಸ್ಥಾನವಿರಲಿಲ್ಲ.

ನನ್ನ ಊರು ಈಗಿನ ಗದಗ ಜಿಲ್ಲೆಯ ರೋಣ ತಾಲೂಕಿನದು. 1997ರವರೆಗೆ ಅದು ಧಾರವಾಡ ಜಿಲ್ಲೆಯಾಗಿತ್ತು. ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ನಮ್ಮೂರಿಗೆ ಬರುತ್ತಿದ್ದರು. ಅವರು ಗೊಂದಲಿಗರ ಮನೆಯವರು. ನಮ್ಮ ಆಯಿ, ಎಂದರೆ ತಂದೆಯ ತಾಯಿ, ವರ್ಷವಿಡೀ ಕೂಡಿಟ್ಟ ಹಳೆಯ ಸೀರೆ, ಧೋತರ, ಕುಪ್ಪಸಗಳ ಗಂಟನ್ನು ತಂದು ಹೊರಗಿನ ಕಟ್ಟೆಯ ಮೇಲೆ ಬಿಚ್ಚುತ್ತಿದ್ದಳು. ಇಬ್ಬರು ಎದುರುಬದುರು ಕುಳಿತು ಮೂರು ನಾಲ್ಕು ದಿನ ಹೊಲಿಯುತ್ತಿದ್ದರು. ಕೊನೆಯ ಅಂಚನ್ನು ಮುಚ್ಚುವ ಮೊದಲು ಅವರಲ್ಲಿ ಹಿರಿಯಳು ಒಳಗೆ ಕೂಗುತ್ತಿದ್ದಳು: "ಯವ್ವಾ, ಹೊಟ್ಟಿ ಖಾಲಿ ಬಿಟ್ಟು ಬಾಯಿ ಹೊಲೀಬಾರದ್ರೀ, ಒಂದು ತುತ್ತು ರೊಟ್ಟಿ ಕೊಡ್ರಿ." ಆಯಿ ಒಣ ರೊಟ್ಟಿಯ ಚೂರೊಂದನ್ನು ತಂದು ಕೊಡುತ್ತಿದ್ದಳು. ಅದನ್ನು ಮೂಲೆಯಲ್ಲಿಟ್ಟು ಹೊಲಿದುಬಿಡುತ್ತಿದ್ದರು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬುದು ನಂಬಿಕೆ.

ಹೊಲಿದವರ ಹೊಟ್ಟೆಯ ಮಾತೇನು? ಕೂಲಿಯೆಂದರೆ ಕೆಲವು ಸೇರು ಜೋಳ, ಉಳಿದ ತುಂಡುಬಟ್ಟೆ. ಅವರನ್ನು ನಾವು ಕಟ್ಟೆಯಿಂದ ಒಳಗೆ ಕರೆಯುತ್ತಿರಲಿಲ್ಲ. ಅವರು ಹೊಲಿದ ಕೌದಿಯಲ್ಲಿ ಮಾತ್ರ ಒಳಮನೆಯ ಬಾಣಂತಿ ಮಲಗುತ್ತಿದ್ದಳು. ಇಂದು ನಗರಗಳ ಅಂಗಡಿಗಳಲ್ಲಿ ಕೌದಿಗೆ ಸಾವಿರಾರು ರೂಪಾಯಿ ಬೆಲೆ ಕಟ್ಟಿ ತೂಗುಹಾಕಿರುವುದನ್ನು ಕಂಡಾಗ ನನಗೆ ಆ ಕಟ್ಟೆ ನೆನಪಾಗುತ್ತದೆ. ಕೊಳ್ಳುವವರು ಅವಶ್ಯವಾಗಿ ಕೊಳ್ಳಲಿ. ಹೊಲಿದವರು ಯಾರು, ಎಷ್ಟು ದಿನ ಹೊಲಿದರು, ಅವರ ಕೈಗೆ ಬಂದದ್ದೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಅಂಗಡಿಯವನಿಗೆ ಕೇಳಿ ಕೊಳ್ಳಲಿ.

ಇನ್ನು ನನ್ನ ಸ್ವಂತದ ಮಾತು. ಮಗಳು ಹುಟ್ಟಿದ ವರ್ಷ, 1998ರಲ್ಲಿ, ಅವ್ವ ಊರಿನಿಂದ ಚೆಂಬೂರಿಗೆ ಬರುವಾಗ ತಾನುಟ್ಟು ಮೆತ್ತಗಾದ ಎರಡು ಇಳಕಲ್ ಸೀರೆಗಳನ್ನು ತಂದಿದ್ದಳು. ಮೊಮ್ಮಗಳ ತೊಟ್ಟಿಲಿಗೆ ಕೌದಿ ಹೊಲಿಯುವ ಇಚ್ಛೆ. ಒಂದೇ ಕೋಣೆಯ ಸರಕಾರಿ ವಸತಿ. ಆ ಗಂಟು ನನ್ನ ಕಣ್ಣಿಗೆ ಅಡಚಣೆಯಾಗಿ ಕಾಣುತ್ತಿತ್ತು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಬೋಹಾರೀಣ ಒಂದು ದಿನ ಬಾಗಿಲಿಗೆ ಬಂದಳು. ಮುಂಬಯಿಯ ಗೃಹಿಣಿಯರಿಗೆ ಅವಳ ಪರಿಚಯ ಹೇಳಬೇಕಾಗಿಲ್ಲ. ಅವ್ವ ಗುಡಿಗೆ ಹೋಗಿದ್ದ ಹೊತ್ತಿನಲ್ಲಿ ನಾನೇ ಚೌಕಾಶಿ ಮಾಡಿ, ಆ ಎರಡು ಸೀರೆಗಳ ಮೇಲೆ ನನ್ನದೊಂದು ಪ್ಯಾಂಟನ್ನೂ ಸೇರಿಸಿ, ಸ್ಟೀಲಿನ ಡಬ್ಬಿಯೊಂದನ್ನು ಪಡೆದೆ. ಅವ್ವ ಬಂದು ಗಂಟನ್ನು ಹುಡುಕಿದಳು. ವಿಷಯ ತಿಳಿದ ಮೇಲೆ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ನೋಡಿ, "ಇರಲಿ ಬಿಡಪಾ, ಡಬ್ಬಿ ಛಲೋ ಐತಿ" ಎಂದಳು. ಮತ್ತೆ ಕೌದಿಯ ಮಾತನ್ನು ಎತ್ತಲಿಲ್ಲ.

2019ರಲ್ಲಿ ಅವ್ವ ತೀರಿಕೊಂಡಳು. ಊರಿನ ಟ್ರಂಕಿನಲ್ಲಿ ಹನ್ನೊಂದು ಸೀರೆಗಳಿದ್ದವು. ಅಕ್ಕ ಎರಡನ್ನು ಇಟ್ಟುಕೊಂಡು ಉಳಿದವನ್ನು ನನ್ನ ಕೈಗಿತ್ತಳು. ಅವನ್ನು ಚೆಂಬೂರಿಗೆ ಹೊತ್ತು ತಂದೆ. ಹೊಲಿಯಲು ಕಲಿಸುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನಾನು ಮಾಡಿದ ತಪ್ಪುಗಳಿಂದಲೇ ಕೆಲವು ಮಾತುಗಳನ್ನು ಹೇಳುತ್ತೇನೆ. ಸಭೆಯಲ್ಲಿರುವ ತಾಯಂದಿರು ನನಗಿಂತ ಹೆಚ್ಚು ಬಲ್ಲವರು, ತಿದ್ದಬೇಕು.

ಮೊದಲನೆಯದು ಬಟ್ಟೆಯ ಆಯ್ಕೆ. ಹತ್ತಿಯೊಂದಿಗೆ ಹತ್ತಿಯೇ ಇರಲಿ. ಪಾಲಿಯೆಸ್ಟರು ಸೂಜಿಯ ಕೆಳಗೆ ಜಾರುತ್ತದೆ, ಬೆವರನ್ನು ಹೀರುವುದಿಲ್ಲ. ಹತ್ತಿ ಸವೆದರೂ ಅದು ಸವೆಯದು, ಒಂದೇ ಕೌದಿಯಲ್ಲಿ ಎರಡು ಆಯುಷ್ಯಗಳಾಗುತ್ತವೆ. ಸೀರೆಯು ಎಲ್ಲ ಕಡೆ ಒಂದೇ ಸಮನಾಗಿ ಹಳೆಯದಾಗುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳುಗಳಿಂದ ಮೆಲ್ಲಗೆ ಜಗ್ಗಿ ನೋಡಿ. ತೆಳ್ಳಗಾದ ಭಾಗ ಒಳಪದರಕ್ಕೆ, ಗಟ್ಟಿಯಾದದ್ದು ಮೇಲಿನ ತುಂಡುಗಳಿಗೆ. ಇಳಕಲ್ ಸೀರೆಯನ್ನು ಕತ್ತರಿಸುವಾಗ ಸೆರಗು ಮತ್ತು ಒಡಲು ಕೂಡುವ ಜಾಗವನ್ನೊಮ್ಮೆ ಗಮನಿಸಬೇಕು. ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕುಣಿಕೆಗಳಿಂದ ಒಂದಕ್ಕೊಂದು ಸಿಕ್ಕಿಸಿ ನೇಯ್ದಿರುತ್ತಾರೆ. ಟೋಪತೆನಿ ಎಂಬುದು ಅದೇ. ನನಗೆ ಅಲ್ಲಿ ಕತ್ತರಿಯಾಡಿಸುವ ಧೈರ್ಯ ಬರಲಿಲ್ಲ. ಕೆಂಪು ಬಿಳುಪಿನ ಆ ಸೆರಗುಗಳನ್ನು ಇಡಿಯಾಗಿಯೇ ಉಳಿಸಿಕೊಂಡಿದ್ದೇನೆ.

ಎರಡನೆಯದು ಬಣ್ಣ. ನನ್ನ ಮೊದಲ ಕೌದಿ ಹಾಳಾದದ್ದು ಇಲ್ಲಿಯೇ. ಕೆಂಪು ಅಂಚಿನ ಪಕ್ಕದಲ್ಲಿ ಅಪ್ಪನ ಬಿಳಿಯ ಧೋತರದ ತುಂಡನ್ನಿಟ್ಟು ನಾಲ್ಕು ತಿಂಗಳು ಹೊಲಿದೆ. ಮೊದಲ ಒಗೆತಕ್ಕೇ ಧೋತರ ಗುಲಾಬಿಯಾಯಿತು. ಆದ್ದರಿಂದ ಪ್ರತಿಯೊಂದು ತುಂಡನ್ನೂ ಒದ್ದೆ ಮಾಡಿ, ಬಿಳಿಯ ಚಿಂದಿಯ ಮೇಲೆ ಒತ್ತಿ ನೋಡದೆ ಸೂಜಿಗೆ ದಾರ ಪೋಣಿಸಬಾರದು. ಗಂಜಿಯಿದ್ದರೆ ತೊಳೆದು ತೆಗೆಯಬೇಕು.

ಮೂರನೆಯದು ಅಳತೆ. ಊರಿನ ಕೌದಿಯನ್ನು ಹಳ್ಳದ ಬಂಡೆಯ ಮೇಲೆ ಇಬ್ಬರು ಸೇರಿ ಒಗೆಯುತ್ತಿದ್ದರು. ಚೆಂಬೂರಿನ ಬಚ್ಚಲಿನಲ್ಲಿ ನೆನೆದ ಕೌದಿಯನ್ನು ಎತ್ತಲಾಗದು, ಮಳೆಗಾಲದಲ್ಲಿ ಒಣಗಿಸಲಾಗದು, ಒಣಗದಿದ್ದರೆ ಬೂಸುರು. ಅಲ್ಲದೆ ಇಲ್ಲಿನ ಚಳಿ ಎಷ್ಟರದು? ಹೀಗಾಗಿ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ ಸಾಕು. ಒಳಗೆ ಒಂದೇ ಪದರ. ಹತ್ತಿ ತುಂಬುವ ಗೊಡವೆ ಬೇಡ. ತುಂಬಿದರೆ ಅದು ಗಾದಿಯಾಗುತ್ತದೆ, ಕೌದಿಯಲ್ಲ. ತಳದ ಬಟ್ಟೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಪದರವನ್ನಿಟ್ಟು, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ತುಂಡುಗಳ ಅಂಚನ್ನು ಅರ್ಧ ಇಂಚಿನಷ್ಟು ಒಳಕ್ಕೆ ಮಡಚಿ ಮೇಲೆ ಜೋಡಿಸಿ. ಸೂಜಿ ಕೆಳಗಿಳಿದು ಮೇಲೆ ಬರುವ ಸಾದಾ ಹೊಲಿಗೆಯೊಂದೇ ಸಾಕು. ಸಾಲಿನಿಂದ ಸಾಲಿಗೆ ಎರಡು ಬೆರಳಿನ ಅಂತರ. ದಾರ ಒಂದೂವರೆ ಮೊಳ ಮೀರಿದರೆ ಸಿಕ್ಕಾಗುತ್ತದೆ. ಬೆರಳಿಗೆ ದರ್ಜಿಗಳ ಲೋಹದ ಟೋಪಿಯನ್ನು ಹಾಕಿಕೊಳ್ಳಿ. ನಾನು ಹಾಕಿಕೊಳ್ಳದೆ ಒಂದು ವಾರ ಕಚೇರಿಯಲ್ಲಿ ಸಹಿ ಮಾಡಲು ಕಷ್ಟಪಟ್ಟೆ.

ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಸಿದ್ದಿ ಹೆಣ್ಣುಮಕ್ಕಳಿಂದ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿರುವ ಆಫ್ರಿಕನ್ ಮೂಲದ ಈ ಕನ್ನಡಿಗರು ತಮ್ಮ ಕೌದಿಯನ್ನು ಕವಂದಿ ಎನ್ನುತ್ತಾರೆ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತ, ಸುತ್ತಿನೊಳಗೆ ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ನಕ್ಷೆಯಿಲ್ಲ, ಮುಂದಿನ ತುಂಡು ಕೈಗೆ ಸಿಕ್ಕಂತೆ. ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಹಚ್ಚುತ್ತಾರೆ. ಅವನ್ನು ಹೂವೆಂದೇ ಕರೆಯುತ್ತಾರೆ. ಆ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದು 2003ರಲ್ಲಿ. ಮರುವರ್ಷ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಕವಂದಿ ಹೊಲಿಯುವ ಮಹಿಳೆಯರ ಸಹಕಾರಿಯೊಂದು ರೂಪುಗೊಂಡಿತು. ಅದೇ ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಗುಲಾಮಗಿರಿಗೆ ಸಿಕ್ಕವರ ವಂಶದ ಜೀಸ್ ಬೆಂಡ್ ಗ್ರಾಮದ ಕರಿಯ ಹೆಣ್ಣುಮಕ್ಕಳು ಸವೆದ ಕೆಲಸದ ಉಡುಪುಗಳಿಂದ ಹೊಲಿದ ಹೊದಿಕೆಗಳನ್ನು 2002ರಲ್ಲಿ ದೊಡ್ಡ ಕಲಾಸಂಗ್ರಹಾಲಯಗಳು ಗೋಡೆಗೇರಿಸಿದವು. ಗೋಡೆಗೇರಿದ್ದು ಸಂತೋಷವೇ. ಆದರೂ ಕೌದಿಗೆ ನೆಲವೇ ಸರಿಯಾದ ಸ್ಥಳವೆಂದು ನನ್ನ ಅಭಿಪ್ರಾಯ.

ಮಹಾರಾಷ್ಟ್ರದಲ್ಲಿದ್ದುಕೊಂಡು ಕೌದಿಯನ್ನು ಕನ್ನಡದ ಸ್ವತ್ತೆಂದು ನಾನು ವಾದಿಸಲಾರೆ. ಸೊಲ್ಲಾಪುರ, ಕೊಲ್ಹಾಪುರಗಳ ಗೋಧಡಿ, ತೆಲುಗರ ಬೊಂತ, ಬಂಗಾಳದ ಕಾಂಥಾ ಎಲ್ಲವೂ ಇದರ ಅಕ್ಕತಂಗಿಯರು. 1967ರ ಮಹಾಜನ ವರದಿಯ ಗೆರೆ ಬೆಳಗಾವಿಯ ಸುತ್ತ ಎಲ್ಲಿ ಹಾಯ್ದರೂ ಕೌದಿಯ ಹೊಲಿಗೆಯ ಸಾಲು ಅದಕ್ಕೆ ಕಾಯಲಿಲ್ಲ. ವಿಭಜನೆಯ ತರುವಾಯ ಸಿಂಧದಿಂದ ಬಂದು ನಮ್ಮ ಚೆಂಬೂರು ಕ್ಯಾಂಪಿನಲ್ಲಿ ನೆಲೆಸಿದವರ ನಾಡಿನಲ್ಲಿಯೂ ತುಂಡುಗಳಿಂದ ಕೂಡಿದ ರಲ್ಲಿ ಎಂಬ ಹೊದಿಕೆಯಿದೆ. ನೆರೆಮನೆಯ ಸಿಂಧಿ ಅಜ್ಜಿಯೊಬ್ಬರು ನನ್ನ ಗುಲಾಬಿ ಧೋತರವನ್ನು ಕಂಡು ಮೊದಲು ನಕ್ಕರು. ಆಮೇಲೆ ಗಂಟನ್ನು ಪದರಗಳ ನಡುವೆ ಅಡಗಿಸುವುದನ್ನು ತೋರಿಸಿಕೊಟ್ಟರು. ಪರಸ್ಥಳದಲ್ಲಿರುವ ನಾವೂ ತುಂಡುಗಳಂತೆ ಎಂದು ಹೋಲಿಸಲು ಭಾಷಣಕಾರನಿಗೆ ಆಸೆಯಾಗುತ್ತದೆ. ಆ ಆಸೆಯನ್ನು ಬಿಡುತ್ತೇನೆ. ನಮ್ಮನ್ನು ಯಾರೂ ಕತ್ತರಿಸಲಿಲ್ಲ, ನೌಕರಿಗಾಗಿ ನಾವೇ ಬಂದೆವು.

ಈಗ ನನ್ನ ಮೂರನೆಯ ಕೌದಿ ನಡೆದಿದೆ. ಮಗಳು ದೂರದೇಶದಲ್ಲಿದ್ದಾಳೆ. ಅವಳಿಗೆ ಕಳುಹಿಸಬೇಕೆಂದು ಹೊಲಿಯುತ್ತಿರುವಾಗ ಸಮಸ್ಯೆಯೊಂದು ಎದುರಾಯಿತು: ರೊಟ್ಟಿಯ ಚೂರನ್ನು ಒಳಗಿಟ್ಟು ಅಂಚೆಗೆ ಕೊಟ್ಟರೆ ಸುಂಕದವರು ಬಿಡುವರೇ? ಸುಂಕದ ನಿಯಮಗಳನ್ನು ಓದಬಲ್ಲವನು ನಾನೇ, ಓದಿ ನೋಡಲಿಲ್ಲ. ಕಳುಹಿಸುವುದನ್ನೇ ಕೈಬಿಟ್ಟೆ. ಅವಳು ಬಂದಾಗ ಒಯ್ಯಲಿ, ಅಥವಾ ಇಲ್ಲಿಯೇ ಹೊದೆಯಲಿ. ಒಂದು ಮೂಲೆಯನ್ನು ತೆರೆದಿಟ್ಟಿದ್ದೇನೆ.

ಬರುವ ನಾಲ್ಕನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಇದೇ ಸಭಾಗೃಹದಲ್ಲಿ ನೆಲದ ಮೇಲೆ ಚಾಪೆ ಹಾಸಿರುತ್ತದೆ. ಮೆತ್ತಗಾದ ಒಂದು ಹತ್ತಿ ಸೀರೆ, ಕೈಗೆ ಸಿಕ್ಕಷ್ಟು ತುಂಡುಗಳು, ಒಂದು ಕತ್ತರಿಯನ್ನು ತನ್ನಿರಿ. ಗಂಡಸರೂ ಬರಬಹುದು. ಸೂಜಿ ದಾರಗಳನ್ನು ನಾನು ತರುತ್ತೇನೆ. ಅವು ಆ ಸ್ಟೀಲಿನ ಡಬ್ಬಿಯಲ್ಲಿವೆ. ಬಣ್ಣ ಬಿಡುವ ಬಟ್ಟೆಯನ್ನು ದಯವಿಟ್ಟು ಮನೆಯಲ್ಲಿಯೇ ಪರೀಕ್ಷಿಸಿಕೊಂಡು ಬನ್ನಿ.