ಹಳೆಯ ಗಾಡಿ ಕೊಳ್ಳುವ ಮುನ್ನ

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಕೊಂಬಿನ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ; ಹಲ್ಲು ಎಣಿಸುತ್ತಿದ್ದರು, ನಡೆಸಿ ನೋಡುತ್ತಿದ್ದರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲಿಗೆ ಆಸೆಪಡುವ ತರುಣರಿಗೂ ಆ ಜಾಣತನ ಬೇಕು.

ಈ ಗಾಡಿ ನಮ್ಮ ನಾಡಿನದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿತು; ಮುಂದೆ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದಮೇಲೆ ಅಲ್ಲಿಯ ಕಟ್ಟಕಡೆಯ ಗಾಡಿಗೂ ಈಗ ವಯಸ್ಸಾಗಿದೆ.

ಮೊದಲು ಕಾಗದಪತ್ರ ನೋಡಿರಿ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಮೂಲ ನೋಂದಣಿ ಧಾರವಾಡದ್ದಿರಬಹುದು. ಎಂಜಿನ್ನಿನ ಮತ್ತು ಚಾಸಿಯ ಅಂಕಿಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗಲೇಬೇಕು. 15 ವರ್ಷದ ಮೇಲೆ ನೋಂದಣಿ ನವೀಕರಿಸಿದ್ದಾರೆಯೇ ಕೇಳಿರಿ. ಅಂಕಿ ತಪ್ಪಿದರೆ, ಬೆಲೆ ಎಷ್ಟೇ ಅಗ್ಗವಿರಲಿ, ಕೈಮುಗಿದು ಹಿಂದಿರುಗಿರಿ. ಕದ್ದ ಮಾಲಿನ ಕಷ್ಟ ಕೊಂಡವನ ಕೊರಳಿಗೇ ಬೀಳುತ್ತದೆ.

ಬಳಿಕ, ಬೆಳಗಿನ ಹೊತ್ತು ಹೋಗಿ, ತಣ್ಣಗಿರುವ ಎಂಜಿನ್ನನ್ನು ನೀವೇ ಕಿಕ್ ಹೊಡೆದು ನೋಡಿರಿ. ಮೊದಲೇ ಬಿಸಿಯಾಗಿದ್ದರೆ ಏಕೆಂದು ಕೇಳಿರಿ. ಕಿಕ್ಕಿನ ಕಡ್ಡಿಯೇ ಗೇರಿನ ಕಡ್ಡಿಯೂ ಆಗುವುದು ಈ ಗಾಡಿಯ ವಿಶೇಷ. ಅದು ಸರಾಗವಾಗಿ ಹೊರಳಬೇಕು. ಹಾನಗಲ್ಲಿನ ಕಡೆ ಮಳೆ ಹೆಚ್ಚು. ಪೆಟ್ರೋಲ್ ಟ್ಯಾಂಕಿನ ಒಳಗೂ ಸೈಲೆನ್ಸರಿನ ಕೆಳಗೂ ತುಕ್ಕು ಹುಡುಕಿರಿ. ಊರಿನ ಹಳೆಯ ಮೇಸ್ತ್ರಿಯೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಕೊನೆಯ ಮಾತು: ಇಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಈಗಿನ ಗಾಡಿಗಳಿಗೆ ಒಗ್ಗಿದವರು ಇದನ್ನು ಮರೆತರೆ ಪಿಸ್ಟನ್ ಹಿಡಿದು, ಗಾಡಿ ದಾರಿಯಲ್ಲೇ ನಿಲ್ಲುತ್ತದೆ. ಕೊಳ್ಳುವುದು ಒಂದು ದಿನದ ಸಂಭ್ರಮ. ಸಾಕುವುದು ದಿನದಿನದ ಕೆಲಸ.